ಮನೆ ಮಾತು: ಚಂದ್ರನ ಮೇಲೊಂದು ತರ್ಟಿ-ಫಾರ್ಟಿ ಸೈಟು

ಮೂವತ್ತೊಂದು ವರ್ಷದಿಂದ ದಾವಣಗೆರೆಯಲ್ಲಿ ಮನೆ ಪ್ಲಾನ್ ಹಾಕುವುದು ನನ್ನ ಕಸುಬು. ಈ ಅಂಕಣಕ್ಕೆ ಬರುವ ಪತ್ರಗಳೂ ಅದೇ ಥರದವು. ಚಾವಣಿ ಸೋರುತ್ತದೆ, ಗೋಡೆ ಬೆವರುತ್ತದೆ, ಪಕ್ಕದವರು ಸೆಟ್‌ಬ್ಯಾಕ್ ಬಿಟ್ಟಿಲ್ಲ. ಹೋದ ತಿಂಗಳು ಗಾಳಿ-ಬೆಳಕಿನ ಪ್ರಶ್ನೆಗೆ ಉತ್ತರ ಬರೆಯುವಾಗ, ‘ಕಿಟಕಿ ತೆರೆಯಬಾರದ ಮನೆ ಅಂತಿದ್ದರೆ ಅದು ಬಾಹ್ಯಾಕಾಶ ನಿಲ್ದಾಣ ಒಂದೇ’ ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಅಷ್ಟೇ. ಈ ಸಲ ಅರ್ಧಕ್ಕರ್ಧ ಪತ್ರಗಳು ಅಲ್ಲಿಯ ಮನೆಗಳ ಬಗ್ಗೆಯೇ ಬಂದಿವೆ. ಸೋರುವ ಚಾವಣಿಯವರು ಒಂದು ತಿಂಗಳು ಬಕೆಟ್ ಇಟ್ಟುಕೊಂಡು ಕಾಯಬೇಕು.

ನಾನು ಒಂಬತ್ತನೇ ಕ್ಲಾಸು. ನಮ್ಮ ಊರ ಹತ್ತಿರ ಇಸ್ರೋದವರು ವಿಮಾನ ಇಳಿಸಿದ್ದರು. ಮುಂದೆ ಚಂದ್ರನ ಮೇಲೆ ಮನೆ ಕಟ್ಟುತ್ತಾರೆ ಅಂತಾರೆ ನಮ್ಮ ಸರ್. ಆ ಮನೆಯ ಪ್ಲಾನ್ ಹಾಕಿ ಅಂದರೆ ನೀವು ಮೊದಲು ಏನು ಬರೆಯುತ್ತೀರಿ, ಮೇಡಂ?
— ವಿದ್ಯಾರ್ಥಿನಿ, ಚಳ್ಳಕೆರೆ

ಪುಟ್ಟೀ, ಅದು ಬರೀ ವಿಮಾನ ಅಲ್ಲ. ಬಾಹ್ಯಾಕಾಶಕ್ಕೆ ಹೋಗಿ ವಾಪಸ್ ಬಂದು, ಮತ್ತೆ ಹೋಗಬಲ್ಲ ವಾಹನ ಮಾಡುವುದಕ್ಕೆ ಮುಂಚಿನ ಪರೀಕ್ಷೆ. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ನೋಡಿಕೊಂಡು ನಿಮ್ಮೂರ ರನ್‌ವೇ ಮೇಲೆ ಇಳಿಯಿತು. ಅದಕ್ಕೂ ಮುಂಚೆ ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಅಂತ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಗುಂಡಿಗಳನ್ನೇ ತೋಡಿದ್ದರು. ಸೈಟ್ ನೋಡುವುದಕ್ಕೆ ನೀನು ದೂರ ಹೋಗಬೇಕಾಗಿಲ್ಲ.

ಇನ್ನು ಪ್ಲಾನ್. ಮನೆ ಕಟ್ಟಿಸುವವರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಎಲಿವೇಶನ್, ಅಂದರೆ ಮನೆ ಎದುರಿನಿಂದ ಹೇಗೆ ಕಾಣುತ್ತದೆ ಅಂತ. ನಾನು ಅವರನ್ನು ಮೊದಲು ಕೇಳುವುದು ಕೊಳೆ ನೀರು ಎಲ್ಲಿಗೆ ಹೋಗಬೇಕು ಅಂತ. ಚಂದ್ರನ ಮನೆಗೂ ಅದೇ ಮೊದಲ ಗೆರೆ. ಇಲ್ಲಾದರೆ ಬಚ್ಚಲಿನ ನೀರು ಹೊರಗೆ ಹೋದರೆ ನಮ್ಮ ಜವಾಬ್ದಾರಿ ಮುಗಿಯಿತು. ಅಲ್ಲಿ ‘ಹೊರಗೆ’ ಅನ್ನುವುದೇ ಇಲ್ಲ. ಹೊರಗೆ ಬಿಟ್ಟದ್ದು ಕಳೆದುಹೋದಂತೆ, ಒಳಗೆ ಉಳಿದದ್ದು ಮತ್ತೆ ನಿನ್ನ ಲೋಟಕ್ಕೇ ಬರಬೇಕು. ಚಿತ್ರದುರ್ಗದ ಕೋಟೆ ಹತ್ತಿದಾಗ ಹೊಂಡಗಳನ್ನು ನೋಡಿದ್ದೀಯಲ್ಲ? ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಶತ್ರು ಸುತ್ತ ಕೂತರೂ ಒಳಗಿನವರು ಬದುಕಬೇಕು ಅಂತ ಯೋಚನೆ ಮಾಡಿದವರು ಗೋಡೆಯಷ್ಟೇ ನೀರಿಗೂ ತಲೆ ಕೆಡಿಸಿಕೊಂಡಿದ್ದಾರೆ. ಮುಂದಿನ ಸಲ ಓಬವ್ವನ ಕಿಂಡಿ ನೋಡಿ ಹಾಗೇ ಇಳಿದುಬಿಡಬೇಡ. ಆ ನೀರಿನ ದಾರಿ ಹಿಡಿದು ನಡೆ.

ಎರಡನೆಯದು ಚಾವಣಿ. ಇದು ನನ್ನಂಥವರ ತಲೆ ತಿರುಗಿಸುವ ವಿಷಯ. ಇಲ್ಲಿ ನಾವು ಮನೆಯ ಸ್ಲ್ಯಾಬ್ ಲೆಕ್ಕ ಹಾಕುವಾಗ ಅದರ ಸ್ವಂತ ತೂಕದ ಜೊತೆಗೆ ಜನ, ಸಾಮಾನು ಅಂತ ಚದರ ಮೀಟರಿಗೆ 200 ಕೆ.ಜಿ. ಹಿಡಿಯುತ್ತೇವೆ. ಸ್ಲ್ಯಾಬ್ ಕೆಳಗೆ ಬೀಳಬಾರದು, ಅಷ್ಟೇ ಚಿಂತೆ. ಚಂದ್ರನಲ್ಲಿ ಹೊರಗೆ ಗಾಳಿ ಇಲ್ಲ. ಒಳಗೆ ನಮ್ಮೂರಿನಂಥದೇ ಗಾಳಿ ತುಂಬಿದರೆ ಅದು ಚಾವಣಿಯನ್ನು ಚದರ ಮೀಟರಿಗೆ ಸುಮಾರು 10 ಟನ್ ಬಲದಲ್ಲಿ ಮೇಲಕ್ಕೆ ನೂಕುತ್ತದೆ. ಕಿಲೋ ಅಲ್ಲ, ಟನ್. ಮೇಲೆ ಮೂರು ಮೀಟರ್ ಮಣ್ಣು ಪೇರಿಸಿದರೂ ಸಾಲದು. ಅಲ್ಲಿ ತೂಕ ಇಲ್ಲಿಯ ಆರನೇ ಒಂದು ಪಾಲು. ಆ ಮಣ್ಣು ಒತ್ತುವುದು ಒಂದು ಟನ್ನಿನೊಳಗೇ. ಅಂದರೆ ಅಲ್ಲಿ ಚಾವಣಿ ಬೀಳುವುದಿಲ್ಲ, ಹಾರುತ್ತದೆ. ಅದಕ್ಕೇ ಚೌಕ ರೂಮು, ಚಪ್ಪಟೆ ಸ್ಲ್ಯಾಬು ನಡೆಯುವುದಿಲ್ಲ. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಯಾಕೆ ದುಂಡಗಿದೆ ನೋಡು, ಅದೇ ಕಾರಣ. ಗಟ್ಟಿ ಬಟ್ಟೆಯ ಪದರಗಳಿಂದ ಮಾಡಿ ಗಾಳಿ ತುಂಬಿ ಉಬ್ಬಿಸುವ ಕೋಣೆಯೂ ಆಗುತ್ತದೆ. 2016ರಲ್ಲಿ ಅಂಥದೊಂದನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿ ಉಬ್ಬಿಸಿದರು. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದಲೇ ಹೆಸರು ಮಾಡಿದ ಊರಿನವಳಾದ ನನಗೆ ಬಟ್ಟೆಯ ಮನೆ ಅಂದರೆ ಸ್ವಲ್ಪ ಜಾಸ್ತಿಯೇ ಖುಷಿ.

ಮಣ್ಣು ಮಾತ್ರ ಬೇಕೇ ಬೇಕು. ಅದು ಭಾರಕ್ಕಲ್ಲ, ವಿಕಿರಣ ತಡೆಯುವುದಕ್ಕೆ, ಬಿಸಿಲು-ಚಳಿಗೆ. ಚಂದ್ರನ ನಡುಭಾಗದಲ್ಲಿ ಮಧ್ಯಾಹ್ನ ಸುಮಾರು 120 ಡಿಗ್ರಿ, ರಾತ್ರಿ ಮೈನಸ್ 130ಕ್ಕೂ ಕೆಳಗೆ. ಹಗಲು ನಮ್ಮ ಎರಡು ವಾರ, ರಾತ್ರಿ ಇನ್ನೆರಡು ವಾರ. ಆದರೆ ಅಲ್ಲಿ ಆಳದ ಬಾವಿಯಂಥ ಕುಳಿಗಳಿವೆ. ಅವುಗಳ ನೆರಳಿನ ಮೂಲೆಯಲ್ಲಿ ಯಾವಾಗಲೂ 17 ಡಿಗ್ರಿಯ ಆಸುಪಾಸು ಇರುತ್ತದೆ ಅಂತ 2022ರಲ್ಲಿ ಲೆಕ್ಕ ಹಾಕಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಚಂದ್ರವಳ್ಳಿಗೆ ಹೋಗಿ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ತಮ್ಮ ಉಚ್ಚೆಯನ್ನೇ ಸೋಸಿ ಕುಡಿಯುತ್ತಾರಂತೆ. ಥೂ! ಇದು ನಿಜವೋ, ಮೊಬೈಲಿನಲ್ಲಿ ಹಬ್ಬಿಸಿದ ಸುಳ್ಳೋ?
— ಓದುಗರು, ಹರಿಹರ

ನಿಜ ಸ್ವಾಮಿ. ಆದರೆ ‘ಥೂ’ ಅನ್ನುವುದಕ್ಕೆ ಮುಂಚೆ ನಿಮ್ಮ ಮನೆ ಹಿಂದೆ ಹರಿಯುವ ತುಂಗಭದ್ರೆಯನ್ನು ಒಂದು ಸಲ ನೆನೆಸಿಕೊಳ್ಳಿ. ಮೇಲಿನ ಊರುಗಳಲ್ಲಿ ಹಸು ಮಿಂದ ನೀರು, ಹೊಲದಿಂದ ಬಸಿದ ನೀರು ಎಲ್ಲ ಸೇರಿಯೇ ಬರುತ್ತದೆ. ಮರಳು, ಬಿಸಿಲು, ದೂರ, ಆಮೇಲೆ ನೀರು ಶುದ್ಧೀಕರಣ ಘಟಕ, ಇಷ್ಟು ದಾಟಿ ನಲ್ಲಿಗೆ ಬಂದಾಗ ನಾವು ಹಳೆಯದೆಲ್ಲ ಮರೆತಿರುತ್ತೇವೆ. ನಿಲ್ದಾಣದಲ್ಲಿ ಆ ಇಡೀ ನದಿಯ ಕೆಲಸವನ್ನು ಫ್ರಿಜ್ ಗಾತ್ರದ ಎರಡು ಬೀರುಗಳು ಮಾಡಬೇಕು. ಉಚ್ಚೆ ಮಾತ್ರ ಅಲ್ಲ, ಬೆವರು, ಉಸಿರಿನ ತೇವ, ಎಲ್ಲವನ್ನೂ ಹಿಡಿಯುತ್ತವೆ. 2023ರಲ್ಲಿ ನಾಸಾದವರು ನೂರಕ್ಕೆ 98ರಷ್ಟು ನೀರು ವಾಪಸ್ ಪಡೆಯುವ ಮಟ್ಟ ಮುಟ್ಟಿದರು.

ಲೆಕ್ಕ ನೋಡಿ. ನಾವು ಊರಲ್ಲಿ ಟ್ಯಾಂಕಿನ ಅಳತೆ ತೆಗೆಯುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯುತ್ತೇವೆ. ಅಲ್ಲಿ ಕುಡಿಯುವುದು, ಅಡುಗೆ, ಮೈ ಒರೆಸಿಕೊಳ್ಳುವುದು ಎಲ್ಲ ಸೇರಿ ಒಬ್ಬರಿಗೆ ಸುಮಾರು 4 ಲೀಟರ್. ನಾಲ್ಕು ಜನರಿಗೆ 16. ನೂರಕ್ಕೆ ಎರಡರಷ್ಟು ಕಳೆದರೂ ದಿನಕ್ಕೆ ಹೊಸದಾಗಿ ಬೇಕಾಗುವುದು ಒಂದು ಟೀ ಪಾತ್ರೆಯಷ್ಟು ನೀರು. ಬಟ್ಟೆ ಒಗೆಯುವುದಂತೂ ಇಲ್ಲವೇ ಇಲ್ಲ. ಹಾಕಿ ಹಾಕಿ, ಇನ್ನು ಆಗುವುದಿಲ್ಲ ಅಂದಾಗ ಕಸದ ಜೊತೆ ಸರಕು ನೌಕೆಗೆ ತುಂಬುತ್ತಾರೆ. ಅದು ಭೂಮಿಯ ಗಾಳಿಗೆ ಬಿದ್ದು ಉರಿದುಹೋಗುತ್ತದೆ.

ನನಗೆ ಈ ಕಥೆಯಲ್ಲಿ ಜಾಸ್ತಿ ಹಿಡಿಸಿದ್ದು ಪೈಪು ಕಟ್ಟಿಕೊಂಡ ಪ್ರಸಂಗ. ಉಚ್ಚೆಯನ್ನು ಕಡಿಮೆ ಒತ್ತಡದಲ್ಲಿ, ತಿರುಗುವ ಡ್ರಮ್ಮಿನಲ್ಲಿ ಆವಿ ಮಾಡುತ್ತಾರೆ. ಯಾಕೆ ತಿರುಗಿಸಬೇಕು ಅಂದರೆ, ತೂಕವಿಲ್ಲದ ಕಡೆ ನೀರು ತಳದಲ್ಲಿ ನಿಲ್ಲುವುದಿಲ್ಲ. ಅದರಲ್ಲಿ ನೂರಕ್ಕೆ 85 ಭಾಗ ನೀರು ತೆಗೆಯಬಹುದು ಅಂತ ಇಲ್ಲಿ ಲೆಕ್ಕ ಹಾಕಿ ಕಳಿಸಿದ್ದರು. 2009ರಲ್ಲಿ ಡ್ರಮ್ಮಿನೊಳಗೆ ಬಿಳಿ ಗಸಿ ಕಟ್ಟಿ ಮಿಷನ್ ಕೆಟ್ಟಿತು. 70ಕ್ಕೆ ಇಳಿಸಬೇಕಾಯಿತು. ನೋಡಿದರೆ ಕ್ಯಾಲ್ಸಿಯಂ. ಎಲ್ಲಿಂದ ಬಂತು? ಅವರ ಮೂಳೆಯಿಂದ! ತೂಕ ಹೊರದ ಮೂಳೆ ಸವೆಯುತ್ತದೆ. ವ್ಯಾಯಾಮ ಮಾಡದಿದ್ದರೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು. ಆ ಕ್ಯಾಲ್ಸಿಯಂ ಉಚ್ಚೆಗೆ ಬಂದು, ಅದಕ್ಕೆ ಹಾಕುತ್ತಿದ್ದ ಗಂಧಕಾಮ್ಲದ ಜೊತೆ ಸೇರಿ ಗಟ್ಟಿಯಾಗುತ್ತಿತ್ತು. ಆಮೇಲೆ ಆಮ್ಲವನ್ನೇ ಬದಲಾಯಿಸಿದರು.

ನಮ್ಮ ಬೋರ್ ನೀರಿಗೆ ಗೀಸರ್ ಕಾಯಿಲ್ ಸುಣ್ಣ ಕಟ್ಟುವುದು ಗೊತ್ತಲ್ಲ? ನಾನು ಪ್ಲಂಬರ್ ಕರೆಸಿ, ಅವನು ಕಾಯಿಲ್ ಬಿಚ್ಚಿ ಬೆರಳಲ್ಲಿ ಕೆರೆದು ತೋರಿಸುವಾಗೆಲ್ಲ ಇದೇ ನೆನಪಾಗುತ್ತದೆ. ಇಲ್ಲಿ ಬಂಡೆಯ ಸುಣ್ಣ, ಅಲ್ಲಿ ಮನುಷ್ಯನ ಮೂಳೆ. ನಿಲ್ದಾಣದವರು ದಿನಕ್ಕೆ ಎರಡು ಗಂಟೆ ವ್ಯಾಯಾಮ ಮಾಡುವುದು ಮೈಗಷ್ಟೇ ಅಲ್ಲ, ಪೈಪಿಗೂ ಒಳ್ಳೆಯದು.

ಬಾಹ್ಯಾಕಾಶದ ಮನೆಗೆ ಬಾಗಿಲು ಯಾವ ದಿಕ್ಕಿಗಿದ್ದರೆ ಒಳ್ಳೆಯದು? ಮಲಗುವಾಗ ಉತ್ತರಕ್ಕೆ ತಲೆ ಹಾಕಬಾರದು ಅನ್ನುವುದು ಅಲ್ಲಿಗೂ ಅನ್ವಯಿಸುತ್ತದೆಯೇ?
— ಗೃಹಿಣಿ, ಪಿ.ಜೆ. ಬಡಾವಣೆ, ದಾವಣಗೆರೆ

ಅಕ್ಕಾ, ಪೂರ್ವಕ್ಕೆ ಬಾಗಿಲು ಇಡೋಣ ಅಂದರೆ ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ದಿನಕ್ಕೆ ಹದಿನಾರು ಸಲ ಸೂರ್ಯ ಹುಟ್ಟುತ್ತಾನೆ. ಹದಿನಾರು ಸಲ ರಂಗೋಲಿ ಹಾಕುವವರು ಯಾರು?

ಅಲ್ಲಿ ದಿಕ್ಕು ಹೋಗಲಿ, ಮೇಲೆ-ಕೆಳಗೆ ಅನ್ನುವುದೂ ಇಲ್ಲ. ಆದರೆ ಮನುಷ್ಯರಿಗೆ ಅದು ಬೇಕು. ಇಲ್ಲದಿದ್ದರೆ ತಲೆ ಸುತ್ತಿ ವಾಂತಿ ಬರುತ್ತದೆ. ಸೋವಿಯತ್ ಕಾಲದಲ್ಲಿ ಗಲೀನಾ ಬಲಶೋವಾ ಅಂತ ವಾಸ್ತುಶಿಲ್ಪಿ ಇದ್ದರು. ನೌಕೆಗಳ ಒಳಾಂಗಣ ಅವರ ಕೈಯದು. ನೆಲಕ್ಕೆ ಗಾಢ ಬಣ್ಣ, ಚಾವಣಿಗೆ ತಿಳಿ ಬಣ್ಣ ಕೊಟ್ಟು ಕಣ್ಣಿಗೆ ನೆಲ ಯಾವುದು ಅಂತ ತೋರಿಸಿಕೊಟ್ಟರು. ಹಣವೂ ಜಾಸ್ತಿ ಆಗಲಿಲ್ಲ, ತೂಕವೂ ಹೆಚ್ಚಲಿಲ್ಲ. ಇಂಥ ಕೆಲಸ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ತಲೆ ಎಲ್ಲಿ ಹಾಕಬೇಕು ಅನ್ನುವ ಪ್ರಶ್ನೆ ಮಾತ್ರ ತಮಾಷೆಯದಲ್ಲ. ಫ್ಯಾನಿನ ಗಾಳಿ ಬರುವ ಕಡೆಗೇ ಹಾಕಬೇಕು. ನಮ್ಮ ಮನೆಗಳಲ್ಲಿ ಬಿಸಿಗಾಳಿ ಮೇಲೇರಿ ವೆಂಟಿಲೇಟರಿನಿಂದ ಹೋಗುತ್ತದೆ. ನಮ್ಮೂರ ಮಂಡಕ್ಕಿ ಭಟ್ಟಿಯ ಹೊಗೆ ಮೇಲಕ್ಕೆ ಹೋಗುವುದೂ ಹಾಗೇ. ತೂಕವಿಲ್ಲದ ಕಡೆ ಬಿಸಿಗಾಳಿ ಏರುವುದಿಲ್ಲ. ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ಗುಡ್ಡೆ ಹಾಕಿಕೊಳ್ಳುತ್ತದೆ. ಒಬ್ಬರು ದಿನಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಹತ್ತಿರಹತ್ತಿರ ಒಂದು ಕೆ.ಜಿ. ಫ್ಯಾನ್ ನಿಂತರೆ ತಲೆನೋವಿನಿಂದ ಎಚ್ಚರ. ಅದಕ್ಕೇ ಅಲ್ಲಿ ಹಗಲೂ ರಾತ್ರಿ ಗುಂಯ್ ಅಂತ ಫ್ಯಾನು ತಿರುಗುತ್ತಲೇ ಇರುತ್ತದೆ.

ಗಿಡ ಇದ್ದರೆ ಆಕ್ಸಿಜನ್ ತಾನಾಗೇ ಬರುತ್ತದೆ ಅಲ್ವಾ? ಮಿಷನ್ ಯಾಕೆ? ಅಡಿಕೆ ಸಸಿ ಬೇಕಾದರೆ ನಾನೇ ಕೊಡುತ್ತೇನೆ.
— ಬೆಳೆಗಾರರು, ಚನ್ನಗಿರಿ

ಯಜಮಾನ್ರೇ, ಅಡಿಕೆ ಗೊನೆ ಬಿಡುವಷ್ಟರಲ್ಲಿ ಗಗನಯಾತ್ರಿಗಳ ಪಾಳಿ ಹತ್ತು ಸಲ ಬದಲಾಗಿರುತ್ತದೆ. ಸದ್ಯಕ್ಕೆ ಸೊಪ್ಪಿನ ಮಟ್ಟದಲ್ಲಿದ್ದಾರೆ. 2015ರ ಆಗಸ್ಟ್‌ನಲ್ಲಿ ನಿಲ್ದಾಣದಲ್ಲೇ ಬೆಳೆದ ಕೆಂಪು ಲೆಟ್ಯೂಸ್ ತಿಂದರು. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಹೋದಾಗ ಮೆಂತ್ಯೆ, ಹೆಸರುಕಾಳು ಮೊಳಕೆ ಬರಿಸಿದರು. ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರದು. ಉಸಿರಾಡುವ ಆಕ್ಸಿಜನ್ ಮಾತ್ರ ಮುಖ್ಯವಾಗಿ ನೀರನ್ನು ವಿದ್ಯುತ್ತಿನಿಂದ ಒಡೆದು ತೆಗೆಯುತ್ತಾರೆ.

ಗಿಡವನ್ನೇ ನಂಬಿ ನೋಡಿದವರೂ ಇದ್ದಾರೆ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಅಂತ ಗಾಜಿನ ಕಟ್ಟಡ. ಮೂರು ಎಕರೆ ಚಿಲ್ಲರೆ. ಒಳಗೆ ಕಾಡು, ಹೊಲ, ಪುಟ್ಟ ಸಮುದ್ರ ಎಲ್ಲ. 1991ರ ಸೆಪ್ಟೆಂಬರ್‌ನಲ್ಲಿ ಎಂಟು ಜನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ವರ್ಷದ ಸಂಸಾರ. ಗಾಳಿಯಲ್ಲಿ ನೂರಕ್ಕೆ 20.9 ಇರಬೇಕಾದ ಆಕ್ಸಿಜನ್ ಹದಿನಾರು ತಿಂಗಳಲ್ಲಿ ಸುಮಾರು 14.5ಕ್ಕೆ ಇಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು. 1993ರ ಜನವರಿಯಲ್ಲಿ ಹೊರಗಿನಿಂದ ಆಕ್ಸಿಜನ್ ತುಂಬಬೇಕಾಯಿತು.

ಯಾಕೆ ಹೀಗಾಯಿತು ಅನ್ನುವುದು ನಿಮ್ಮ-ನಮ್ಮ ಇಬ್ಬರ ಕಸುಬಿಗೂ ಸೇರಿದ್ದು. ಹೊಲಕ್ಕೆ ಒಳ್ಳೆಯ ಗೊಬ್ಬರದ ಮಣ್ಣು ತುಂಬಿದ್ದರು. ಆ ಮಣ್ಣಿನ ಸೂಕ್ಷ್ಮಜೀವಿಗಳು ಗಿಡ ಕೊಟ್ಟದ್ದಕ್ಕಿಂತ ಜಾಸ್ತಿ ಆಕ್ಸಿಜನ್ ತಿಂದವು. ಹಾಗಾದರೆ ಇಂಗಾಲದ ಡೈಆಕ್ಸೈಡ್ ಅಷ್ಟೇ ಏರಬೇಕಿತ್ತಲ್ಲ? ಏರಲಿಲ್ಲ. ಎಲ್ಲಿ ಹೋಯಿತು ಅಂತ ಹುಡುಕಿದರೆ ಕಳ್ಳ ಕಾಂಕ್ರೀಟು! ಒಳಗಿನ ಬರಿಯ ಕಾಂಕ್ರೀಟ್ ಗೋಡೆಗಳು ಅದನ್ನು ಹೀರಿ ಸುಣ್ಣದ ಕಲ್ಲಾಗಿ ಮಾಡಿಕೊಂಡಿದ್ದವು, ಅದರೊಳಗಿನ ಆಕ್ಸಿಜನ್ ಸಮೇತ.

ಈ ಕಳ್ಳತನ ನಾನು ಕಣ್ಣಾರೆ ನೋಡಿದ್ದೇನೆ. ಹಳೆಯ ಕಟ್ಟಡದ ಸಜ್ಜಾ ಸಿಡಿದು ಕಂಬಿ ಕಂಡರೆ, ಅಲ್ಲಿಯ ಕಾಂಕ್ರೀಟ್ ಒಂದು ತುಂಡು ಕೆತ್ತಿಸಿ ಫಿನಾಫ್ತಲೀನ್ ಸಿಂಪಡಿಸುತ್ತೇವೆ. ಒಳಗಿನ ಒಳ್ಳೆಯ ಕಾಂಕ್ರೀಟ್ ಕಡು ಗುಲಾಬಿಗೆ ತಿರುಗುತ್ತದೆ. ಹೊರಗಿನ ಅಂಚು ಬೂದಿಯ ಬಣ್ಣದಲ್ಲೇ ಉಳಿಯುತ್ತದೆ. ಆ ಬೂದಿ ಅಂಚೇ ಗಾಳಿಯ ಡೈಆಕ್ಸೈಡ್ ತಿಂದ ಜಾಗ. ಅದು ಕಂಬಿಯವರೆಗೆ ಮುಟ್ಟಿದರೆ ತುಕ್ಕು ಶುರು. ಕಟ್ಟಿಸಿದ ಮಾಲೀಕರಿಗೆ ಆ ಗುಲಾಬಿ ಗೆರೆ ತೋರಿಸಿದರೆ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಊರಲ್ಲಿ ಇದು ಸಜ್ಜಾದ ಸಮಸ್ಯೆ. ಬಾಗಿಲು ಹಾಕಿಕೊಂಡ ಮನೆಯಲ್ಲಿ ಉಸಿರಿನ ಸಮಸ್ಯೆ. ಅಲ್ಲಿ ಗೋಡೆಯನ್ನೂ ಬಾಯಿ ಅಂತಲೇ ಎಣಿಸಬೇಕು.

ಅಂದ ಹಾಗೆ ಆ ಗಾಜಿನ ಮನೆಯಲ್ಲಿ ಪರಾಗ ಹರಡುವ ಹುಳಗಳು ಸತ್ತುಹೋದವು. ಚೆನ್ನಾಗಿ ಬಾಳಿದ್ದು ಇರುವೆ ಮತ್ತು ಜಿರಳೆ.

ಸಿವಿಲ್ ಓದುತ್ತಿದ್ದೇನೆ. ಚಂದ್ರನಿಗೆ ಸಿಮೆಂಟ್ ಸಾಗಿಸುವುದು ಹೇಗೆ?
— ವಿದ್ಯಾರ್ಥಿ, ದಾವಣಗೆರೆ

ಸಾಗಿಸಬಾರದಪ್ಪ. ಒಂದು ಮೂಟೆ ಸಿಮೆಂಟಿಗಿಂತ ಅದರ ಬಾಡಿಗೆಯೇ ನಿನ್ನ ತಾಲ್ಲೂಕಿಗಿಂತ ದುಬಾರಿ. ಇನ್ನು ಕ್ಯೂರಿಂಗಿಗೆ ಗೋಣಿಚೀಲ ಹೊದಿಸಿ ನೀರು ಹಾಕು ಅಂದರೆ ಇಲ್ಲಿಯ ಮೇಸ್ತ್ರಿಗಳೇ ಕೇಳುವುದಿಲ್ಲ.

ಅಲ್ಲಿಯ ಮಣ್ಣಲ್ಲೇ ಇಟ್ಟಿಗೆ ಮಾಡಬೇಕು. ಚಳ್ಳಕೆರೆಯ ಕುದಾಪುರದಲ್ಲೂ ಕ್ಯಾಂಪಸ್ ಇರುವ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋ ಜೊತೆ ಸೇರಿ 2020ರಲ್ಲಿ ಒಂದು ದಾರಿ ತೋರಿಸಿದರು. ಚಂದ್ರನ ಮಣ್ಣಿನಂಥದೇ ಮಣ್ಣು, ಒಂದು ಜಾತಿಯ ಬ್ಯಾಕ್ಟೀರಿಯಾ, ಯೂರಿಯಾ, ಸ್ವಲ್ಪ ಕ್ಯಾಲ್ಸಿಯಂ. ಬ್ಯಾಕ್ಟೀರಿಯಾ ಸುಣ್ಣದ ಹರಳು ಕಟ್ಟಿ ಮಣ್ಣಿನ ಕಣಗಳನ್ನು ಬೆಸೆಯುತ್ತದೆ. ಯೂರಿಯಾ ಮನುಷ್ಯರ ಉಚ್ಚೆಯಿಂದಲೇ ಸಿಗುತ್ತದೆ (ಹರಿಹರದವರು ಮನ್ನಿಸಬೇಕು). ಅಂಟಿಗೆ ಹಾಕಿದ್ದು ಗೌರ್ ಗಮ್, ಅಂದರೆ ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದ ಅಂಟು. ನಿನ್ನ ಪ್ರಾಜೆಕ್ಟಿಗೆ ವಿಷಯ ಬೇಕಿದ್ದರೆ ಇದಕ್ಕಿಂತ ಅಗ್ಗದ ಸಾಮಾನು ಸಿಗುವುದಿಲ್ಲ.

ಎರಡು ರೂಮಿನ ಮನೆಯಲ್ಲಿ ಆರು ಜನ ಇದ್ದೇವೆ. ದಿನಾ ಏನಾದರೂ ಒಂದು ಕಿರಿಕಿರಿ. ಅವರು ಡಬ್ಬದಂಥ ಮನೆಯಲ್ಲಿ ತಿಂಗಳುಗಟ್ಟಲೆ ಹೇಗೆ ಇರುತ್ತಾರೆ?
— ಓದುಗರು, ಚಿತ್ರದುರ್ಗ

ತಂಗೀ, ಅವರಿಗೂ ಕಿರಿಕಿರಿ ಆಗುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡು ಪ್ಲಾನ್ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. 1973ರಲ್ಲಿ ಹಾರಿದ ಸ್ಕೈಲ್ಯಾಬ್ ಅನ್ನುವ ಅಮೆರಿಕದ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂವರು ಇರುತ್ತಿದ್ದರು. ಊಟದ ಮೇಜು ತ್ರಿಕೋನ. ಯಾರೂ ‘ತಲೆಯ ಕಡೆ’ ಕೂರುವಂತಿಲ್ಲ! ಒಳಾಂಗಣಕ್ಕೆ ಸಲಹೆ ಕೊಟ್ಟವರು ರೇಮಂಡ್ ಲೋವಿ ಅನ್ನುವ ವಿನ್ಯಾಸಕಾರ. ಹೊರಗೆ ನೋಡಲು ಕಿಟಕಿ ಬೇಕು, ಒಬ್ಬೊಬ್ಬರಿಗೂ ಸ್ವಂತ ಮೂಲೆ ಬೇಕು ಅಂತ ಪಟ್ಟು ಹಿಡಿದರು. ಈಗಿನ ನಿಲ್ದಾಣದಲ್ಲೂ ಒಬ್ಬರಿಗೊಂದು ಗೂಡು ಇದೆ. ಹಳೆಯ ಎಸ್‌ಟಿಡಿ ಬೂತಿನಷ್ಟು. ಆದರೆ ಅದಕ್ಕೆ ಬಾಗಿಲಿದೆ.

2023ರ ಜೂನ್‌ನಿಂದ 2024ರ ಜುಲೈವರೆಗೆ ಹ್ಯೂಸ್ಟನ್‌ನಲ್ಲಿ ನಾಲ್ಕು ಜನ 378 ದಿನ ಮಂಗಳ ಗ್ರಹದ ಮನೆಯ ಮಾದರಿಯಲ್ಲಿ ಇದ್ದು ನೋಡಿದರು. 1,700 ಚದರ ಅಡಿ. ನಮ್ಮ ತರ್ಟಿ-ಫಾರ್ಟಿ ಸೈಟಿನಲ್ಲಿ ಮೇಲೊಂದು ಮಹಡಿ ಎತ್ತಿದರೆ ಸಿಗುವಷ್ಟು. ಅಷ್ಟರಲ್ಲೇ ನಾಲ್ವರಿಗೂ ಬೇರೆ ಬೇರೆ ಮಲಗುವ ಕೋಣೆ. ಕೋಣೆ ಚಿಕ್ಕದು, ಹಾಲ್ ದೊಡ್ಡದಲ್ಲ. ನಾವಾಗಿದ್ದರೆ ಎರಡು ಬೆಡ್‌ರೂಮ್ ಮಾಡಿ, ಉಳಿದದ್ದೆಲ್ಲ ನೆಂಟರು ಬಂದಾಗ ಬೇಕು ಅಂತ ಹಾಲಿಗೆ ಸುರಿಯುತ್ತಿದ್ದೆವು. ಆ ನೆಂಟರು ವರ್ಷಕ್ಕೆ ಎರಡು ಸಲ ಬರುತ್ತಾರೆ.

ನಿನ್ನ ಎರಡು ರೂಮಿನ ಮನೆಯ ಅಳತೆ ಕಳಿಸು. ಬೀರು ಅಡ್ಡ ನಿಲ್ಲಿಸಿ ಪರದೆ ಎಳೆದರೆ ಐದು ಅಡಿಗೆ ಆರು ಅಡಿಯ ಒಂದು ಮೂಲೆ ಸಿಕ್ಕೇ ಸಿಗುತ್ತದೆ. ಕಿಟಕಿಯ ಪಕ್ಕದ್ದನ್ನೇ ಹಿಡಿ. ಅತ್ತೆಗೂ ಅಂಥದೊಂದು ಬೇಕು, ಮರೆಯಬೇಡ.

ಅಲ್ಲಿಯ ಮನೆ ಸೋರಿದರೆ ಏನು ಮಾಡುತ್ತಾರೆ?
— ಬಕೆಟ್ ಇಟ್ಟುಕೊಂಡಿರುವ ಓದುಗರು, ಜಗಳೂರು

ನಿಮ್ಮ ಸಿಟ್ಟು ಅರ್ಥವಾಯಿತು. ಅಲ್ಲಿ ನೀರು ಒಳಗೆ ಬರುವುದಿಲ್ಲ, ಗಾಳಿ ಹೊರಗೆ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ನಿಲ್ದಾಣಕ್ಕೆ ಅಂಟಿದ್ದ ಸೋಯುಜ್ ನೌಕೆಯಲ್ಲಿ 2 ಮಿಲಿಮೀಟರ್ ತೂತು ಸಿಕ್ಕಿತು. ಬ್ಯಾಂಡೇಜ್ ಬಟ್ಟೆಗೆ ಎಪಾಕ್ಸಿ ಬಳಿದು ಮುಚ್ಚಿದರು. ಪಕ್ಕಾ ನಮ್ಮ ಪ್ಲಂಬರ್ ಕೆಲಸ. 2020ರಲ್ಲಿ ಇನ್ನೊಂದು ಕಡೆ ಗಾಳಿ ಸೋರುತ್ತಿತ್ತು, ಜಾಗ ಗೊತ್ತಾಗಲಿಲ್ಲ. ಟೀ ಬ್ಯಾಗ್ ಒಡೆದು ಪುಡಿಯನ್ನು ಗಾಳಿಯಲ್ಲಿ ತೇಲಿಬಿಟ್ಟು, ಅದು ಯಾವ ಕಡೆ ಸರಿಯುತ್ತದೆ ಅಂತ ಕ್ಯಾಮೆರಾ ಇಟ್ಟು ನೋಡಿದರು. ಬಿರುಕು ಸಿಕ್ಕಿತು.

ನೀವು ಟೀ ಪುಡಿ ದಂಡ ಮಾಡಬೇಡಿ. ತಾರಸಿಯ ನೀರು ಹೋಗುವ ತೂತುಗಳಿಗೆ ಬಟ್ಟೆ ತುರುಕಿ. ಎರಡು ಇಂಚು ನೀರು ನಿಲ್ಲಿಸಿ. ಬಟ್ಟೆಗೆ ಹಾಕುವ ನೀಲಿ ಒಂದಿಷ್ಟು ಕಲಸಿ. ಒಂದು ದಿನ ಬಿಟ್ಟು ಕೆಳಗಿನ ಚಾವಣಿಯಲ್ಲಿ ನೀಲಿ ಎಲ್ಲಿ ಮೂಡಿತು ಅಂತ ಫೋಟೋ ತೆಗೆದು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಕಳಿಸಿ.